ಭಾನುವಾರದ ರೇಸ್ ಕಾರ್ಡನ್ನು ಓದುವುದು ಹೇಗೆ? ಓದುಗರ ಪ್ರಶ್ನೆಗಳಿಗೆ ಉತ್ತರ

ಮುಂಬಯಿಯ ಮಹಾಲಕ್ಷ್ಮಿ ರೇಸ್‌ಕೋರ್ಸ್‌ನಲ್ಲಿ ಋತು ನಡೆಯುವುದು ನವೆಂಬರ್‌ನಿಂದ ಏಪ್ರಿಲ್‌ವರೆಗೆ. ಈ ತಿಂಗಳುಗಳಲ್ಲಿ ಅಂಕಣಕ್ಕೆ ಬರುವ ಪತ್ರಗಳಲ್ಲಿ ಬಹುಪಾಲು ‘ಭಾನುವಾರ ಯಾವ ಕುದುರೆ?’ ಎಂದೇ ಕೇಳುತ್ತವೆ. ಪತ್ರಿಕೆ ಅಚ್ಚಿಗೆ ಹೋಗುವ ವೇಳೆಗೆ ಓಡುವ ಕುದುರೆಗಳ ಅಂತಿಮ ಪಟ್ಟಿಯೇ ಹೊರಬಿದ್ದಿರುವುದಿಲ್ಲವಾದ್ದರಿಂದ ಹೆಸರು ಸೂಚಿಸುವುದು ಸಾಧ್ಯವಿಲ್ಲ, ಸಾಧ್ಯವಿದ್ದರೂ ಸೂಚಿಸುವ ಮನಸ್ಸಿಲ್ಲ. ಗೆಲ್ಲಬಹುದಾದ ಕುದುರೆಯನ್ನು ಹುಡುಕುವ ಕ್ರಮವನ್ನು ಕುರಿತ ಕೆಲವು ಪತ್ರಗಳನ್ನು ಮಾತ್ರ ಇಲ್ಲಿ ಎತ್ತಿಕೊಳ್ಳಲಾಗಿದೆ.

ಬ್ಯಾಂಕ್ ನೌಕರಿಯಿಂದ ನಿವೃತ್ತನಾದ ಮೇಲೆ ಈ ಹವ್ಯಾಸ ಹಿಡಿದಿದ್ದೇನೆ. ಹಿಂದಿನ ದಿನವೇ ರೇಸ್ ಬುಕ್ (ದಿನದ ಎಲ್ಲ ರೇಸ್‌ಗಳ ಕಾರ್ಡ್ ಇರುವ ಪುಸ್ತಕ) ತಂದು ಕೂರುತ್ತೇನೆ. ಏಳೆಂಟು ರೇಸ್, ಎಂಬತ್ತು ಕುದುರೆ. ಎಲ್ಲಿಂದ ಆರಂಭಿಸಬೇಕೆಂದೇ ತಿಳಿಯುವುದಿಲ್ಲ. — ಡೊಂಬಿವಲಿಯ ಓದುಗರು

ಕುದುರೆಯ ಹೆಸರಿನಿಂದ ಆರಂಭಿಸಬೇಡಿ. ಪ್ರತಿ ರೇಸ್‌ನ ನೆತ್ತಿಯ ಮೇಲೆ ಸಣ್ಣ ಅಕ್ಷರದಲ್ಲಿ ಒಂದೆರಡು ಸಾಲು ಇರುತ್ತದೆ. ರೇಸ್ ಯಾವ ಕ್ಲಾಸಿನದು (ಅಂದರೆ ಕುದುರೆಗಳ ಸಾಮರ್ಥ್ಯದ ಅಂಕವಾದ ರೇಟಿಂಗ್‌ನ ಪ್ರಕಾರ ಮಾಡಿದ ಯಾವ ಹಂತದ್ದು), ಯಾವ ರೇಟಿಂಗ್‌ನಿಂದ ಯಾವ ರೇಟಿಂಗ್‌ವರೆಗಿನ ಕುದುರೆಗಳಿಗೆ ಪ್ರವೇಶ, ದೂರ ಎಷ್ಟು ಮೀಟರ್, ವಯಸ್ಸಿನ ನಿರ್ಬಂಧವಿದೆಯೇ ಎಂಬುದೆಲ್ಲ ಆ ಸಾಲಿನಲ್ಲಿದೆ. ಹತ್ತರಲ್ಲಿ ಒಂಬತ್ತು ಮಂದಿ ಆ ಸಾಲನ್ನು ದಾಟಿ ಕೆಳಗಿನ ಹೆಸರುಗಳಿಗೆ, ಅಲ್ಲಿಂದ ಜಾಕಿಯ ಹೆಸರಿಗೆ, ಅಲ್ಲಿಂದ ಪತ್ರಿಕೆಯವರು ಕೊಟ್ಟ ಆಯ್ಕೆಗೆ ಹಾರಿಬಿಡುತ್ತಾರೆ. ನಿಮ್ಮ ಕೆಲಸ ಗೆಲ್ಲುವ ಕುದುರೆಯನ್ನು ಕಂಡುಹಿಡಿಯುವುದಕ್ಕಿಂತ ಮೊದಲು ಆ ಸಾಲಿನ ಷರತ್ತುಗಳಿಗೆ ಹೊಂದದ ಕುದುರೆಗಳನ್ನು ಬಿಟ್ಟುಬಿಡುವುದು.

ಉದಾಹರಣೆಗೆ 1400 ಮೀಟರಿನ ಒಂದು ರೇಸ್‌ನಲ್ಲಿ ಹತ್ತು ಕುದುರೆಗಳಿವೆ ಎಂದಿಟ್ಟುಕೊಳ್ಳಿ. ಹಿಂದಿನ ಓಟಗಳ ದಾಖಲೆಯನ್ನು ನೋಡಿದರೆ ಎರಡು ಕುದುರೆಗಳು 1000 ಮತ್ತು 1200 ಮೀಟರಿನಲ್ಲಿ ಮಾತ್ರ ಹೆಸರು ಮಾಡಿವೆ, 1400ಕ್ಕೆ ಬಂದಾಗಲೆಲ್ಲ ಕೊನೆಯ ಇನ್ನೂರು ಮೀಟರಿನಲ್ಲಿ ಸೋತಿವೆ. ಇನ್ನೆರಡು ಕುದುರೆಗಳು ಮೇಲಿನ ಕ್ಲಾಸಿನಲ್ಲಿ ಏನೂ ಮಾಡಲಾಗದೆ ಇಳಿದು ಬಂದಿವೆ. ಇವುಗಳನ್ನು ಮಾತ್ರ ಆತುರದಿಂದ ಬಿಡಬೇಡಿ. ತನಗಿಂತ ಬಲಶಾಲಿಗಳೊಂದಿಗೆ ಓಡಿ ಐದನೆಯದಾಗಿ ಬಂದ ಕುದುರೆ ಕೆಳಗಿನ ಕ್ಲಾಸಿನಲ್ಲಿ ಎರಡನೆಯದಾಗಿ ಬಂದ ಕುದುರೆಗಿಂತ ಎಷ್ಟೋ ಸಲ ಮೇಲು. ಮತ್ತೊಂದು ಕುದುರೆ ಆರು ತಿಂಗಳ ನಂತರ ಓಡುತ್ತಿದೆ. ಅದರ ದೇಹ ಸಜ್ಜಾಗಿದೆಯೇ ಎಂಬುದನ್ನು ರೇಸ್‌ಗೆ ಮೊದಲು ಕುದುರೆಗಳನ್ನು ಸುತ್ತಾಡಿಸುವ ಪ್ಯಾಡಕ್‌ನಲ್ಲಿ ಕಣ್ಣಾರೆ ನೋಡದೆ ನಿರ್ಧರಿಸಲಾಗದು. ಹೀಗೆ ತಳ್ಳುತ್ತ ಹೋದರೆ ಸಾಮಾನ್ಯವಾಗಿ ನಾಲ್ಕೋ ಐದೋ ಉಳಿಯುತ್ತವೆ. ಹತ್ತಕ್ಕೆ ಹತ್ತೂ ಉಳಿದರೆ ಆ ರೇಸ್ ನಿಮಗೆ ಅರ್ಥವಾಗಿಲ್ಲವೆಂದು ತಿಳಿದು ಮುಂದಿನ ಪುಟಕ್ಕೆ ಹೋಗಿ. ದಿನದ ಎಲ್ಲ ರೇಸ್‌ಗಳ ಬಗ್ಗೆಯೂ ಅಭಿಪ್ರಾಯ ಇರಲೇಬೇಕೆಂಬ ನಿಯಮ ಪತ್ರಿಕೆಗಳಲ್ಲಿ ಮುನ್ನೋಟ ಬರೆಯುವವರಿಗೆ ಮಾತ್ರ ಅನ್ವಯಿಸುತ್ತದೆ. ಏಳು ರೇಸ್‌ಗೆ ಏಳು ಹೆಸರು ಕೊಡದಿದ್ದರೆ ಅವರ ಅಂಕಣ ತುಂಬುವುದಿಲ್ಲ.

ನಮ್ಮ ಊರಿನ ಕಂಬಳದಲ್ಲಿ ಒಂದು ಜೋಡಿ ಕೋಣ ಈ ವಾರ ಗೆದ್ದರೆ ಮುಂದಿನ ಕಂಬಳದಲ್ಲಿಯೂ ಅದನ್ನೇ ನಂಬಬಹುದು. ಇಲ್ಲಿ ಮೂರು ಲೆಂತ್ (ಒಂದು ಲೆಂತ್ ಎಂದರೆ ಒಂದು ಕುದುರೆಯ ಉದ್ದ) ಅಂತರದಿಂದ ಗೆದ್ದ ಕುದುರೆ ಮೂರು ವಾರದ ನಂತರ ಅದೇ ಕುದುರೆಗಳಿಗೆ ಸೋಲುತ್ತದೆ. ಇದರಲ್ಲಿ ಏನಾದರೂ ಮೋಸವಿದೆಯೇ? — ಘಾಟ್‌ಕೋಪರ್‌ನ ಹೋಟೆಲ್ ಉದ್ಯಮಿ, ಮೂಲತಃ ಉಡುಪಿ ಕಡೆಯವರು

ಅನುಮಾನ ಸಹಜ, ಆದರೆ ಬಹುತೇಕ ಸಂದರ್ಭಗಳಲ್ಲಿ ಉತ್ತರ ಅಷ್ಟು ರೋಚಕವಲ್ಲ. ಕಂಬಳದ ಕರೆಯಲ್ಲಿ ಗೆದ್ದ ಜೋಡಿಯ ಬೆನ್ನಿಗೆ ಮುಂದಿನ ವಾರ ಯಾರೂ ಹೊರೆ ಕಟ್ಟುವುದಿಲ್ಲ, ರೇಸ್‌ಕೋರ್ಸ್‌ನಲ್ಲಿ ಕಟ್ಟುತ್ತಾರೆ. ಅದಕ್ಕಾಗಿಯೇ ಕ್ಲಬ್ಬು ಹ್ಯಾಂಡಿಕ್ಯಾಪರ್ ಎಂಬ ಅಧಿಕಾರಿಯನ್ನು ಇಟ್ಟುಕೊಂಡಿದೆ. ಪ್ರತಿ ಕುದುರೆಗೂ ಒಂದು ರೇಟಿಂಗ್ ಇರುತ್ತದೆ, ಗೆದ್ದರೆ ಏರುತ್ತದೆ, ಸೋಲುತ್ತ ಹೋದರೆ ಇಳಿಯುತ್ತದೆ. ರೇಟಿಂಗ್‌ನ ಒಂದು ಅಂಶಕ್ಕೆ ಅರ್ಧ ಕೆ.ಜಿ. ತೂಕದ ಲೆಕ್ಕ. ಹ್ಯಾಂಡಿಕ್ಯಾಪ್ ರೇಸ್‌ನಲ್ಲಿರುವ ಎಲ್ಲ ಕುದುರೆಗಳೂ ಒಟ್ಟಿಗೆ ಗುರಿ ಮುಟ್ಟುವಂತೆ ತೂಕ ಹಂಚಬೇಕೆಂಬುದೇ ಆ ಅಧಿಕಾರಿಯ ಆದರ್ಶ. ಅದು ಎಂದೂ ಪೂರ್ತಿ ಕೈಗೂಡುವುದಿಲ್ಲ, ಕೈಗೂಡದ ಆ ಸಂದಿನಲ್ಲಿಯೇ ನಿಮಗೂ ನನಗೂ ಕೆಲಸವಿರುವುದು.

ನಿಮ್ಮ ಕುದುರೆಯನ್ನೇ ಲೆಕ್ಕಕ್ಕೆ ಹಿಡಿಯೋಣ. ಅದು ಮೂರು ಲೆಂತ್‌ನಿಂದ ಗೆದ್ದಿತು, ಹ್ಯಾಂಡಿಕ್ಯಾಪರ್ ಅದರ ರೇಟಿಂಗನ್ನು ಏಳು ಅಂಶ ಏರಿಸಿದರು ಎಂದಿಟ್ಟುಕೊಳ್ಳಿ. ಅಂದರೆ ಮುಂದಿನ ಸಲ ಅದೇ ಎದುರಾಳಿಗಳೊಂದಿಗೆ ಓಡುವಾಗ ಮೂರೂವರೆ ಕೆ.ಜಿ. ಹೆಚ್ಚು ಹೊರಬೇಕು. 1600 ಮೀಟರಿನ ಆಸುಪಾಸಿನಲ್ಲಿ ಒಂದು ಕೆ.ಜಿ. ಎಂದರೆ ಸುಮಾರು ಒಂದು ಲೆಂತ್ ಎಂಬುದು ರೂಢಿಯ ಲೆಕ್ಕ. ದೂರ ಕಡಿಮೆಯಾದಷ್ಟೂ ತೂಕದ ಪರಿಣಾಮ ತಗ್ಗುತ್ತದೆ, ಹೆಚ್ಚಾದಷ್ಟೂ ಏರುತ್ತದೆ. ಗೆದ್ದ ಅಂತರ ಅಲ್ಲಿಗೆ ತೀರಿಹೋಯಿತು. ಹಾಗಾದರೆ ಗೆದ್ದ ಕುದುರೆಯನ್ನು ಎಂದೂ ನಂಬಬಾರದೇ? ನಂಬಬಹುದು. ಕೊನೆಯ ನೂರು ಮೀಟರಿನಲ್ಲಿ ಜಾಕಿ ಚಾವಟಿ ಎತ್ತದೆ, ಕೈಗಳನ್ನು ಅಲುಗಿಸದೆ, ಹಿಂದೆ ತಿರುಗಿ ನೋಡುತ್ತ ಮೂರು ಲೆಂತ್‌ನಿಂದ ಗೆದ್ದಿದ್ದರೆ ಆ ಕುದುರೆಯ ಕೈಯಲ್ಲಿ ಇನ್ನೂ ಎರಡು ಮೂರು ಲೆಂತ್ ಉಳಿದಿತ್ತು. ಹೆಚ್ಚಿನ ತೂಕ ಅದನ್ನು ಪೂರ್ತಿ ಕಟ್ಟಿಹಾಕದು. ಅದೇ ಮೂರು ಲೆಂತನ್ನು ಪೂರ್ತಿ ಚಾವಟಿಯ ಬಲದಿಂದ ಪಡೆದಿದ್ದರೆ ಲೆಕ್ಕ ಚುಕ್ತಾ. ಫಲಿತಾಂಶದ ಪಟ್ಟಿಯಲ್ಲಿ ಇವೆರಡೂ ಒಂದೇ ಅಂಕಿಯಾಗಿ ಕಾಣುತ್ತವೆ. ಆದ್ದರಿಂದ ಹಳೆಯ ರೇಸ್‌ನ ವಿಡಿಯೊವನ್ನು ತಾಳ್ಮೆಯಿಂದ ಮತ್ತೆ ನೋಡುವವರಿಗೆ ಅಂಕಿಯನ್ನಷ್ಟೇ ಓದುವವರಿಗಿಂತ ಒಂದು ಹೆಜ್ಜೆ ಮುಂದಿರುವ ಅವಕಾಶವಿದೆ.

ಇನ್ನೊಂದು ಸೂಕ್ಷ್ಮವಿದೆ. ಕ್ಲಾಸುಗಳ ರೇಟಿಂಗ್ ಮಿತಿಗಳು ಒಂದರ ಮೇಲೊಂದು ಸ್ವಲ್ಪ ಹರಡಿಕೊಂಡಿರುತ್ತವೆ. ಗಡಿಯ ಮೇಲಿರುವ ಕುದುರೆಯನ್ನು ಕೆಳಗಿನ ಕ್ಲಾಸಿನಲ್ಲಿ ಹೆಚ್ಚು ತೂಕ ಹೊರಿಸಿ ಓಡಿಸಬಹುದು, ಇಲ್ಲವೇ ಮೇಲಿನ ಕ್ಲಾಸಿನಲ್ಲಿ ಹಗುರವಾಗಿ ಓಡಿಸಬಹುದು; ಆಯ್ಕೆ ಟ್ರೇನರ್‌ನದು. 60 ಕೆ.ಜಿ. ಮೀರಿ ಹೊರಿಸಲು ಒಪ್ಪಿ, ಅದರ ಮೇಲೆ ತೂಕದ ರಿಯಾಯಿತಿ ಸಿಗುವ ಅಪ್ರೆಂಟಿಸ್ (ಇನ್ನೂ ಕಲಿಯುತ್ತಿರುವ) ಜಾಕಿಯನ್ನು ಕೂರಿಸಿ ಎರಡು ಮೂರು ಕೆ.ಜಿ. ಇಳಿಸಿಕೊಂಡ ಟ್ರೇನರ್ ಆ ದಿನ ಗೆಲ್ಲಲೆಂದೇ ಬಂದಿದ್ದಾನೆ ಎಂದು ನಾನು ಓದುತ್ತೇನೆ. ಇದು ನಿಯಮವಲ್ಲ, ಕಣ್ಣಿಗೆ ಬಿದ್ದರೆ ಗುರುತು ಹಾಕಿಕೊಳ್ಳಬೇಕಾದ ಸಂಗತಿ.

ಪುಣೆಯಲ್ಲಿ ಚೆನ್ನಾಗಿ ಓಡಿದ ಕುದುರೆ ಮುಂಬಯಿಗೆ ಬಂದು ಮಂಕಾಗುವುದೇಕೆ? — ಪುಣೆ ಕ್ಯಾಂಪ್‌ನ ಓದುಗರು

ಎರಡೂ ಕಡೆ ಪಂದ್ಯ ನಡೆಸುವುದು ರಾಯಲ್ ವೆಸ್ಟರ್ನ್ ಇಂಡಿಯಾ ಟರ್ಫ್ ಕ್ಲಬ್ಬೇ, ಕುದುರೆಗಳೂ ಜಾಕಿಗಳೂ ಬಹುಪಾಲು ಅವರೇ, ಬದಲಾಗುವುದು ನೆಲ. ಪುಣೆಯ ಋತು ಜುಲೈನ ಮಳೆಯಲ್ಲಿ ಆರಂಭವಾಗುತ್ತದೆ. ಮೆತ್ತಗಿನ ನೆಲದಲ್ಲಿ ಕಾಲು ಹೂತರೂ ಬಲದಿಂದ ಎಳೆದುಕೊಂಡು ಹೋಗಬಲ್ಲ ಕುದುರೆಗೆ ಅಲ್ಲಿ ಅನುಕೂಲ. ಅದೇ ಕುದುರೆ ಡಿಸೆಂಬರ್‌ನ ಒಣಗಿದ ಮಹಾಲಕ್ಷ್ಮಿಯಲ್ಲಿ ಹಗುರ ಹೆಜ್ಜೆಯ ವೇಗದ ಕುದುರೆಗಳ ಹಿಂದೆ ಬೀಳುವುದರಲ್ಲಿ ಆಶ್ಚರ್ಯವಿಲ್ಲ. ಪಂದ್ಯದ ದಿನ ಕ್ಲಬ್ಬು ಪ್ರಕಟಿಸುವ, ನೆಲದ ಮೆದುತನ ಅಳೆಯುವ ಪೆನೆಟ್ರೋಮೀಟರ್ ಅಂಕಿಯನ್ನು ಬರೆದಿಟ್ಟುಕೊಳ್ಳುವ ಅಭ್ಯಾಸ ಮಾಡಿಕೊಳ್ಳಿ. ಅಂಕಿ ದೊಡ್ಡದಾದಷ್ಟೂ ನೆಲ ಮೆತ್ತಗೆ. ಕುದುರೆಯ ಒಳ್ಳೆಯ ಓಟಗಳೆಲ್ಲ ದೊಡ್ಡ ಅಂಕಿಯ ದಿನಗಳಲ್ಲಿಯೇ ಬಂದಿದ್ದರೆ ಉತ್ತರ ಅಲ್ಲಿಯೇ ಇದೆ. ಫಾಲ್ಸ್ ರೇಲ್‌ನ ಸೂಚನೆಯನ್ನೂ ನೋಡಿ. ತುಳಿದು ಹಾಳಾದ ಒಳಬದಿಯ ಹುಲ್ಲನ್ನು ಉಳಿಸಲು ಬೇಲಿಯನ್ನು ಹೊರಕ್ಕೆ ಸರಿಸಿದಾಗ ತಿರುವು ಬದಲಾಗುತ್ತದೆ, ಮುಂದೆ ಓಡುವ ಕುದುರೆಗೆ ಹೊಸ ಹುಲ್ಲು ಸಿಗುತ್ತದೆ. ಆ ದಿನದ ಮೊದಲ ಎರಡು ರೇಸ್‌ಗಳನ್ನು ಬಾಜಿ ಕಟ್ಟದೆ ನೋಡಿದರೆ ಒಳಬದಿ ವೇಗವಾಗಿದೆಯೋ ಹೊರಬದಿಯೋ ತಿಳಿಯುತ್ತದೆ.

ಸೆಪ್ಟೆಂಬರ್‌ನಲ್ಲಿ ಪುಣೆಯಲ್ಲಿ ನಡೆಯುವ 2800 ಮೀಟರಿನ ಇಂಡಿಯನ್ ಸೇಂಟ್ ಲೆಜರ್‌ಗೆ ಮಾತ್ರ ಈ ಮಾತು ಪೂರ್ತಿ ಸಾಲದು. ಅಲ್ಲಿ ನೆಲಕ್ಕಿಂತ ದಮ್ಮು ಮುಖ್ಯ.

ಪ್ರತಿ ವರ್ಷ ಡರ್ಬಿಯ ದಿನ ಮನೆಯವರೊಂದಿಗೆ ಹೋಗುತ್ತೇನೆ. 2400 ಮೀಟರ್ ಎಂದೂ ಓಡದ ಕುದುರೆಗಳಲ್ಲಿ ಯಾವುದು ಓಡೀತು ಎಂದು ಊಹಿಸುವುದು ಹೇಗೆ? ಹೆಣ್ಣು ಕುದುರೆಗಳಿಗೆ ಅವಕಾಶವಿದೆಯೇ? — ಮುಲುಂಡ್‌ನ ಓದುಗರು

ಫೆಬ್ರುವರಿಯ ಮೊದಲ ಭಾನುವಾರ ನಡೆಯುವ ಇಂಡಿಯನ್ ಡರ್ಬಿ ನಾಲ್ಕು ವರ್ಷದ ಕುದುರೆಗಳ ಪಂದ್ಯ. ಭಾರತದಲ್ಲಿ ಕುದುರೆಗಳ ವಯಸ್ಸು ಜನವರಿ 1ಕ್ಕೆ ಬದಲಾಗುವುದರಿಂದ ಅವು ನಾಲ್ಕಕ್ಕೆ ಕಾಲಿಟ್ಟು ಒಂದು ತಿಂಗಳಷ್ಟೇ ಆಗಿರುತ್ತದೆ. ಅದಕ್ಕೆ ಮೊದಲಿನ ದೊಡ್ಡ ಪರೀಕ್ಷೆಗಳೆಂದರೆ ಡಿಸೆಂಬರ್‌ನ 1000 ಗಿನೀಸ್ ಮತ್ತು 2000 ಗಿನೀಸ್; ಎರಡೂ 1600 ಮೀಟರಿನವು. ಉಳಿದ 800 ಮೀಟರನ್ನು ಊಹೆಯಿಂದಲೇ ತುಂಬಬೇಕು ಎಂಬ ನಿಮ್ಮ ಮಾತು ಸರಿ.

ಗಿನೀಸ್ ಗೆದ್ದ ಕುದುರೆಗಿಂತ ಮೂರನೆಯದಾಗಿ ಬಂದ ಕುದುರೆಯನ್ನು ನೋಡಿ. ಗೆದ್ದದ್ದು ವೇಗದಿಂದ ಗೆದ್ದಿತೇ, ಮೂರನೆಯದು ಕೊನೆಯ ಇನ್ನೂರು ಮೀಟರಿನಲ್ಲಿ ಅಂತರವನ್ನು ಕಡಿಮೆ ಮಾಡುತ್ತ ಬರುತ್ತಿತ್ತೇ, ಗುರಿ ದಾಟಿದ ಮೇಲೂ ಅದು ಮುಂದಕ್ಕೆ ಹೋಗುತ್ತಲೇ ಇತ್ತೇ? ಹಾಗಿದ್ದರೆ ದೂರ ಹೆಚ್ಚಿದಷ್ಟೂ ಅದಕ್ಕೆ ಲಾಭ. ಆಮೇಲೆ ವಂಶಾವಳಿ. ರೇಸ್ ಬುಕ್‌ನಲ್ಲಿ ತಂದೆ ತಾಯಿಯರ ಹೆಸರು ಇದ್ದೇ ಇರುತ್ತದೆ. ಅದೇ ತಂದೆಯ ಉಳಿದ ಮಕ್ಕಳು, ಅದಕ್ಕಿಂತ ಮುಖ್ಯವಾಗಿ ಅದೇ ತಾಯಿಯ ಉಳಿದ ಮಕ್ಕಳು 2000 ಮೀಟರ್ ಮೀರಿ ಗೆದ್ದಿವೆಯೇ ನೋಡಿ. ಬೆಂಗಳೂರು, ಹೈದರಾಬಾದ್‌ಗಳಿಂದ ಬರುವ ಕುದುರೆಗಳನ್ನು ಮುಂಬಯಿಯ ಅಭಿಮಾನಿಗಳು ಲಘುವಾಗಿ ಕಾಣುವ ಚಾಳಿಯೊಂದಿದೆ. ಕ್ಲಾಸಿಕ್ ರೇಸ್‌ಗೆಂದು ಸಾವಿರ ಕಿಲೋಮೀಟರ್ ಕುದುರೆ ಕರೆತರುವ ಟ್ರೇನರ್ ಸುಮ್ಮನೆ ಕರೆತರುವುದಿಲ್ಲ ಎಂಬುದನ್ನು ನೆನಪಿಡಿ. ಇದನ್ನು ಕನ್ನಡಿಗನ ಪಕ್ಷಪಾತವೆಂದು ಕರೆದರೂ ಬೇಸರವಿಲ್ಲ.

ಹೆಣ್ಣು ಕುದುರೆಗಳ ವಿಷಯ. 1943ರಲ್ಲಿ ಮೊದಲ ಇಂಡಿಯನ್ ಡರ್ಬಿಯನ್ನು ಗೆದ್ದದ್ದೇ ಪ್ರಿನ್ಸೆಸ್ ಬ್ಯೂಟಿಫುಲ್ ಎಂಬ ಹೆಣ್ಣು ಕುದುರೆ, ಬರೋಡಾ ಮಹಾರಾಜರದು. ಗಂಡು ಕುದುರೆಗಳಿಗಿಂತ ಒಂದೂವರೆ ಕೆ.ಜಿ. ಕಡಿಮೆ ತೂಕದ ರಿಯಾಯಿತಿ ಹೆಣ್ಣುಗಳಿಗೆ ಇದೆ. ಡರ್ಬಿಗೆ ಮೊದಲು ಹೆಣ್ಣುಗಳಿಗೆಂದೇ ನಡೆಯುವ ಇಂಡಿಯನ್ ಓಕ್ಸ್ 2400 ಮೀಟರಿನದೇ ಆದ್ದರಿಂದ ಅಲ್ಲಿ ಸಲೀಸಾಗಿ ಗೆದ್ದ ಕುದುರೆ ಡರ್ಬಿಗೆ ಬಂದರೆ ದೂರದ ಪ್ರಶ್ನೆಗೆ ಉತ್ತರ ಕೊಟ್ಟೇ ಬಂದಿರುತ್ತದೆ. ಓಕ್ಸ್‌ನ ದಣಿವು ಆರಿದೆಯೇ ಎಂಬುದಷ್ಟೇ ಉಳಿದ ಪ್ರಶ್ನೆ. ಇನ್ನು ಜಾಕಿ. ಸಾಮಾನ್ಯ ರೇಸ್‌ನಲ್ಲಿ ಜಾಕಿಯ ಹೆಸರು ನೋಡಿ ಕಟ್ಟುವುದನ್ನು ನಾನು ಒಪ್ಪುವುದಿಲ್ಲ. ಆದರೆ ಹತ್ತು ಹದಿನೈದು ಕುದುರೆಗಳು ಒತ್ತೊತ್ತಾಗಿ ಓಡುವ 2400 ಮೀಟರಿನಲ್ಲಿ ಯಾವಾಗ ಕಾಯಬೇಕು, ಯಾವಾಗ ನುಗ್ಗಬೇಕು ಎಂಬ ತಿಳಿವಳಿಕೆಗೆ ನಿಜವಾದ ಬೆಲೆಯಿದೆ. ಪೆಸಿ ಶ್ರಾಫ್ ಜಾಕಿಯಾಗಿ ಎಂಟು ಸಲ ಈ ಡರ್ಬಿ ಗೆದ್ದದ್ದು ಪ್ರತಿ ಸಲವೂ ಅತ್ಯುತ್ತಮ ಕುದುರೆ ಸಿಕ್ಕಿದ್ದರಿಂದಲೇ ಎಂದು ಹೇಳಲಾಗದು.

ಲೆಕ್ಕಪರಿಶೋಧನೆ ನನ್ನ ಉದ್ಯೋಗ. ಫೇವರಿಟ್ ಕುದುರೆಯೇ (ಬುಕ್ಕಿ ಅತಿ ಕಡಿಮೆ ಲಾಭ ಕೊಡುವ ಕುದುರೆ) ಹೆಚ್ಚು ಸಲ ಗೆಲ್ಲುವುದಾದರೆ ಯಾವಾಗಲೂ ಅದರ ಮೇಲೆಯೇ ಕಟ್ಟಬಾರದೇಕೆ? — ವಾಶಿಯ ಓದುಗರು

ನಿಮಗೆ ಅಂಕಿಗಳಲ್ಲಿಯೇ ಉತ್ತರಿಸುತ್ತೇನೆ. ಏಳು ಕುದುರೆಗಳ ರೇಸ್‌ನಲ್ಲಿ ಬುಕ್ಕಿಗಳು ನೂರು ರೂಪಾಯಿಗೆ ಕೊಡುವ ಲಾಭ ಕ್ರಮವಾಗಿ 150, 300, 400, 500, 800, 1000 ಮತ್ತು 1500 ಎಂದಿರಲಿ. ಮೊದಲನೆಯದರ ಗೆಲುವಿನ ಸಾಧ್ಯತೆ ಬುಕ್ಕಿಯ ಪ್ರಕಾರ ನೂರಕ್ಕೆ 40, ಎರಡನೆಯದು 25, ಮೂರನೆಯದು 20. ಹೀಗೆ ಏಳನ್ನೂ ಕೂಡಿದರೆ ಮೊತ್ತ ಸುಮಾರು 128 ಬರುತ್ತದೆ. ನೂರನ್ನು ಮೀರಿದ ಆ 28 ಬುಕ್ಕಿಯ ರಕ್ಷಣೆ. ಅಂದರೆ ಪ್ರತಿ ಕುದುರೆಯ ಬೆಲೆಯೂ ಅದರ ನಿಜವಾದ ಸಾಧ್ಯತೆಗಿಂತ ಸ್ವಲ್ಪ ದುಬಾರಿ. ಎಲ್ಲರೂ ಬೆನ್ನು ಹತ್ತುವ ಫೇವರಿಟ್ ಕೆಲವೊಮ್ಮೆ ಬಹಳ ದುಬಾರಿ. ನಿಮ್ಮ ಅಧ್ಯಯನದ ಪ್ರಕಾರ ಆ ಫೇವರಿಟ್ ಮೂರರಲ್ಲಿ ಒಂದು ಸಲ ಗೆಲ್ಲಬಹುದು ಎಂದಾದರೆ ನ್ಯಾಯವಾದ ಲಾಭ 200 ಇರಬೇಕಿತ್ತು, ಸಿಗುತ್ತಿರುವುದು 150. ಅದು ಗೆಲ್ಲಬಹುದಾದ ಕುದುರೆ ಹೌದು, ಕಟ್ಟಬೇಕಾದ ಕುದುರೆ ಅಲ್ಲ. ಪತ್ರಿಕೆಗಳ ಮುನ್ನೋಟ ಈ ಎರಡನ್ನೂ ಒಂದೇ ಎಂಬಂತೆ ಬರೆಯುತ್ತದೆ. ನನ್ನ ತಕರಾರೆಲ್ಲ ಅಲ್ಲಿಯೇ.

ನಾಲ್ಕನೆಯ ಕುದುರೆ ಐದರಲ್ಲಿ ಒಂದು ಸಲ ಗೆಲ್ಲುತ್ತದೆ ಎಂದು ನಿಮಗೆ ಅನ್ನಿಸಿದೆ ಎನ್ನಿ. ನ್ಯಾಯವಾದ ಲಾಭ 400, ಸಿಗುವುದು 500. ಮೇಲುನೋಟಕ್ಕೆ ಒಳ್ಳೆಯ ವ್ಯವಹಾರ. ಈಗ ತೆರಿಗೆಯನ್ನು ಸೇರಿಸಿ. 22 ಸೆಪ್ಟೆಂಬರ್ 2025ರಿಂದ ಕುದುರೆ ಪಂದ್ಯದ ಬಾಜಿಯ ಮೇಲಿನ ಜಿಎಸ್‌ಟಿ ನೂರಕ್ಕೆ 40, ಅದೂ ಬಾಜಿಯ ಪೂರ್ಣ ಮೊತ್ತದ ಮೇಲೆ. ಆ ಹೊರೆ ಪೂರ್ತಿ ನಿಮ್ಮ ಮೇಲೆ ಬಿದ್ದರೆ ನೂರರ ಬಾಜಿಗೆ ನೀವು ಹಾಕುವುದು 140; ಗೆದ್ದರೆ ಕೈಗೆ ಬರುವುದು 600. ಐದು ಸಲ ಹಾಕಿದ 700 ರೂಪಾಯಿಗೆ ಒಂದು ಸಲ 600 ಬರುತ್ತದೆ. ಒಳ್ಳೆಯ ವ್ಯವಹಾರ ನಷ್ಟಕ್ಕೆ ತಿರುಗಿತು! ಗೆಲುವಿನ ಮೊತ್ತ 10,000 ರೂಪಾಯಿ ಮೀರಿದರೆ ಮೂಲದಲ್ಲಿಯೇ ನೂರಕ್ಕೆ 30 ಕಡಿತವಾಗುವುದು ಬೇರೆ. ಕುದುರೆ ಪಂದ್ಯ ಮುಖ್ಯವಾಗಿ ಕೌಶಲದ ಆಟ ಎಂದು ಸುಪ್ರೀಂ ಕೋರ್ಟ್ 1996ರಲ್ಲಿ ಕೆ.ಆರ್. ಲಕ್ಷ್ಮಣನ್ ಪ್ರಕರಣದಲ್ಲಿ ಹೇಳಿದೆ, ನಿಜ. ಆದರೆ ಈ ತೆರಿಗೆಯನ್ನು ದಾಟಿ ಲಾಭ ಉಳಿಸುವಷ್ಟು ಕೌಶಲ ಇರುವವರು ಬಹಳ ವಿರಳ. ನಿಮ್ಮ ಮಟ್ಟಿಗೆ ನಾನು ಹೇಳುವುದಿಷ್ಟೇ: ಅಧ್ಯಯನದ ಸುಖಕ್ಕಾಗಿ ಕಾರ್ಡ್ ಓದಿ, ಸಿನಿಮಾ ಟಿಕೆಟ್‌ನಷ್ಟು ದುಡ್ಡು ಕಟ್ಟಿ. ಆದಾಯದ ಕಾಲಂನಲ್ಲಿ ಇದನ್ನು ಬರೆಯಬೇಡಿ.

ಗೋವಾದಲ್ಲಿ ಟರ್ಫ್ ಕ್ಲಬ್ ಇಲ್ಲದ ಕಾರಣ ಮೊಬೈಲ್‌ನಲ್ಲಿಯೇ ಎಲ್ಲವನ್ನೂ ಅನುಸರಿಸುತ್ತೇನೆ. ಐದು ಸಾವಿರ ರೂಪಾಯಿ ಕೊಟ್ಟರೆ ಖಚಿತ ಕುದುರೆ ಹೇಳುತ್ತೇವೆ ಎಂದು ಸಂದೇಶ ಬರುತ್ತದೆ. ನಂಬಬಹುದೇ? — ಮಡಗಾಂವ್‌ನ ಓದುಗರು

ಬೇಡ. ಖಚಿತ ಕುದುರೆ ತಿಳಿದವನು ಅದನ್ನು ಐದು ಸಾವಿರಕ್ಕೆ ಮಾರುವುದಿಲ್ಲ, ತಾನೇ ಕಟ್ಟುತ್ತಾನೆ. ಎಂಟು ಕುದುರೆಗಳ ರೇಸ್‌ನಲ್ಲಿ ಎಂಟು ಮಂದಿಗೆ ಎಂಟು ಬೇರೆ ಹೆಸರು ಕಳುಹಿಸಿದರೆ ಒಬ್ಬನಿಗಂತೂ ಗೆದ್ದ ಕುದುರೆ ಸಿಕ್ಕೇ ಸಿಗುತ್ತದೆ. ಮುಂದಿನ ವಾರ ದುಡ್ಡು ಕೇಳುವುದು ಅವನ ಬಳಿಯೇ.

ಜಾಕ್‌ಪಾಟ್ ಆಡುವಾಗ ಎಷ್ಟು ಕುದುರೆ ಸೇರಿಸಬೇಕು? — ಠಾಣೆಯ ಓದುಗರು

ಐದು ರೇಸ್‌ಗಳ ವಿಜೇತರನ್ನು ಹೆಸರಿಸುವ ಆಟವಿದು. ಎರಡು, ಮೂರು, ಒಂದು, ಎರಡು, ಮೂರು ಕುದುರೆ ಹಿಡಿದರೆ ಗುಣಿಸಿದಾಗ 36 ಜೋಡಣೆಗಳಾಗುತ್ತವೆ. ಪ್ರತಿ ರೇಸ್‌ನಲ್ಲಿಯೂ ಎರಡೆರಡು ಹಿಡಿದು ಸಮಾಧಾನಪಡುವ ಬದಲು ನಿಮಗೆ ದೃಢ ನಂಬಿಕೆಯಿರುವ ರೇಸ್‌ನಲ್ಲಿ ಒಂದೇ ಕುದುರೆ ನಿಲ್ಲಿಸಿ, ಉಳಿದ ದುಡ್ಡನ್ನು ಅರ್ಥವಾಗದ ರೇಸ್‌ಗೆ ಹರಡಿ. ಆ ಒಂಟಿ ಕುದುರೆ ಮೊದಲ ಸಲ ಓಡುವ ಮರಿಯಾಗಿರಬಾರದು.

ಪ್ಯಾಡಕ್‌ನಲ್ಲಿ ಏನು ನೋಡಬೇಕು? ಬೆಳಗಿನ ಕಸರತ್ತಿನ ವರದಿಗೆ ಎಷ್ಟು ಬೆಲೆ ಕೊಡಬೇಕು? — ವಸೈಯ ಓದುಗರು

ಪ್ಯಾಡಕ್‌ನಲ್ಲಿ ಕುದುರೆ ಎರಡನೆಯ ಸುತ್ತು ಬರುವವರೆಗೆ ಕಾಯಿರಿ. ಮೊದಲ ಸುತ್ತಿನಲ್ಲಿ ಗುಂಪಿನ ಗದ್ದಲಕ್ಕೆ ಎಲ್ಲವೂ ಸ್ವಲ್ಪ ಬೆದರಿರುತ್ತವೆ. ಏಪ್ರಿಲ್‌ನ ಬಿಸಿಲಲ್ಲಿ ಕತ್ತು ಬೆವರಿದರೆ ಚಿಂತೆಯಿಲ್ಲ, ಹಿಂಗಾಲುಗಳ ನಡುವೆ ಸೋಪಿನ ನೊರೆಯಂತೆ ಬಿಳಿ ಬೆವರು ಕಟ್ಟಿದ್ದರೆ ಆ ಕುದುರೆ ತನ್ನ ಓಟವನ್ನು ಅಲ್ಲಿಯೇ ಅರ್ಧ ಓಡಿ ಮುಗಿಸಿದೆ. ಪಕ್ಕೆಲುಬಿನ ಗೆರೆ ಮಸುಕಾಗಿ ಕಾಣಬೇಕು. ಹೊಟ್ಟೆ ತುಂಬಿ ದುಂಡಗಿದ್ದರೆ ಇನ್ನೊಂದು ಓಟ ಬೇಕು. ನಡೆಯುವಾಗ ಹಿಂಗಾಲಿನ ಗೊರಸು ಮುಂಗಾಲಿನ ಗುರುತನ್ನು ದಾಟಿ ಬೀಳುತ್ತಿದ್ದರೆ, ಕಿವಿ ಮುಂದಕ್ಕೆ ನಿಮಿರಿದ್ದರೆ, ಸಾಕುವ ಹುಡುಗ ಹಗ್ಗವನ್ನು ಎಳೆಯದೆ ಸಡಿಲವಾಗಿ ಹಿಡಿದಿದ್ದರೆ ಅಂಥ ಕುದುರೆಗೆ ಗುರುತು ಹಾಕಿ. ಆರು ತಿಂಗಳ ನಂತರ ಓಡುತ್ತಿರುವ ಕುದುರೆಯ ಬಗ್ಗೆ ಮೊದಲೇ ಹೇಳಿದೆನಲ್ಲ, ಅದಕ್ಕೆ ಈ ಪರೀಕ್ಷೆಯೇ ಕೊನೆಯ ಮಾತು.

ಬೆಳಗಿನ ವರದಿಯಲ್ಲಿ 600 ಮೀಟರಿಗೆ 39 ಸೆಕೆಂಡ್, ಸಲೀಸಾಗಿ ಓಡಿತು ಎಂಬಂಥ ಸಾಲುಗಳಿರುತ್ತವೆ. ಸೆಕೆಂಡಿಗಿಂತ ಆ ‘ಸಲೀಸಾಗಿ’ ಎಂಬ ಮಾತು ಹೆಚ್ಚು ಉಪಯೋಗಕ್ಕೆ ಬರುತ್ತದೆ. ಬೆನ್ನ ಮೇಲೆ 52 ಕೆ.ಜಿ.ಯ ಜಾಕಿ ಇದ್ದನೋ 65 ಕೆ.ಜಿ.ಯ ಸವಾರಿ ಹುಡುಗನೋ, ಟ್ರೇನರ್ ವೇಗವಾಗಿ ಓಡಿಸು ಎಂದಿದ್ದನೋ ಉಸಿರು ಬಿಡಿಸಿಕೊಂಡು ಬಾ ಎಂದಿದ್ದನೋ ವರದಿಯಿಂದ ತಿಳಿಯುವುದಿಲ್ಲ. ಕಸರತ್ತು ನಡೆಯುವುದು ಬಹುಪಾಲು ಮರಳಿನ ಟ್ರ್ಯಾಕ್‌ನಲ್ಲಿ, ರೇಸ್ ನಡೆಯುವುದು ಹುಲ್ಲಿನ ಮೇಲೆ. ಒಂದು ಕುದುರೆಯ ಸಮಯವನ್ನು ಇನ್ನೊಂದರ ಸಮಯದೊಂದಿಗೆ ಹೋಲಿಸದೆ ಅದೇ ಕುದುರೆಯ ಹಿಂದಿನ ವಾರಗಳ ಸಮಯದೊಂದಿಗೆ ಹೋಲಿಸಿ. ಎಂದೂ 40ರ ಒಳಗೆ ಬಾರದ ಕುದುರೆ ಈ ವಾರ ಸಲೀಸಾಗಿ 38ಕ್ಕೆ ಬಂದಿದ್ದರೆ ಆ ಹೆಸರನ್ನು ರೇಸ್ ಬುಕ್‌ನ ಅಂಚಿನಲ್ಲಿ ಬರೆದಿಟ್ಟುಕೊಳ್ಳಿ, ಬೆಲೆ ನೋಡುವವರೆಗೆ ಯಾರಿಗೂ ಹೇಳಬೇಡಿ.